ಪತ್ತೇದಾರಿ ಕಾದಂಬರಿಗೆ ಹೆಣ ಬೇಕೇ ಬೇಕಾ?

ಪತ್ತೇದಾರಿ ಕಾದಂಬರಿ ಅಂದಮೇಲೆ ಮೊದಲ ಅಧ್ಯಾಯದಲ್ಲೇ ಒಂದು ಹೆಣ ಬೀಳಬೇಕು ಅಂತ ಬಹಳ ಜನ ನಂಬಿದ್ದಾರೆ. ಶುರುವಿನಲ್ಲಿ ಹಾಗಿರಲಿಲ್ಲ.

ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ 'ದಿ ಮೂನ್‌ಸ್ಟೋನ್' ತೆಗೆದುಕೊಳ್ಳಿ. ಅದು ಶುರುವಾಗುವುದೇ ನಮ್ಮ ಶ್ರೀರಂಗಪಟ್ಟಣದಲ್ಲಿ. 1799ರಲ್ಲಿ ಕೋಟೆ ಬಿದ್ದಾಗ ಒಬ್ಬ ಇಂಗ್ಲಿಷ್ ಅಧಿಕಾರಿ ಟಿಪ್ಪುವಿನ ಆಯುಧಶಾಲೆಯಿಂದ ವಜ್ರವೊಂದನ್ನು ದೋಚುತ್ತಾನೆ. ಮುಂದೆ ಅದು ಅವನ ಸೋದರ ಸೊಸೆಗೆ 18ನೇ ಹುಟ್ಟುಹಬ್ಬದ ದಿನ ಸಿಗುತ್ತದೆ, ಅದೇ ರಾತ್ರಿ ಮಾಯವಾಗುತ್ತದೆ. ಕಥೆಯಲ್ಲಿ ಸಾವುಗಳಿವೆ, ನಿಜ. ಆದರೆ ನಮ್ಮನ್ನು ಎಳೆದುಕೊಂಡು ಹೋಗುವುದು ವಜ್ರ ತೆಗೆದವರು ಯಾರು ಅನ್ನುವ ಪ್ರಶ್ನೆ. ಹೊಸದಾಗಿ ಬಣ್ಣ ಬಳಿದ ಬಾಗಿಲಲ್ಲಿ ಒಂದು ಕಡೆ ಬಣ್ಣ ಸವರಿಹೋಗಿರುತ್ತೆ. ಸ್ಥಳೀಯ ಪೊಲೀಸ್ ಅಧಿಕಾರಿ ಅದೇನು ಮಹಾ ಅಂತ ಬಿಟ್ಟುಬಿಡುತ್ತಾನೆ. ಲಂಡನ್ನಿನಿಂದ ಬಂದ ಪತ್ತೇದಾರ ಸಾರ್ಜೆಂಟ್ ಕಫ್ ಬಿಡುವುದಿಲ್ಲ: ಹಾಗಾದರೆ ಬಣ್ಣ ಅಂಟಿದ ಬಟ್ಟೆ ಈ ಮನೆಯಲ್ಲಿ ಯಾರದ್ದು? ಅಷ್ಟೇ ಸಾಕು, ಪುಸ್ತಕ ಕೆಳಗಿಡೋಕೆ ಆಗಲ್ಲ.

ಷರ್ಲಾಕ್ ಹೋಮ್ಸ್‌ನ 1891ರ ಕಥೆಗಳಲ್ಲೂ ಒಂದು ಫೋಟೊ, ಕೆಂಪು ಕೂದಲಿನವನಿಗೆ ಸಿಕ್ಕ ವಿಚಿತ್ರ ನೌಕರಿ, ಇಂಥವೇ ಸಾಕಾದವು.

ಕೊಲೆ ಕಡ್ಡಾಯ ಅನ್ನುವ ಮಾತು ಗಟ್ಟಿಯಾದದ್ದು ಆಮೇಲೆ. ಅಮೆರಿಕದ ಎಸ್. ಎಸ್. ವ್ಯಾನ್ ಡೈನ್ 1928ರಲ್ಲಿ ಪತ್ತೇದಾರಿ ಕಥೆಗೆ 20 ನಿಯಮ ಬರೆದ. ಹೆಣ ಇರಲೇಬೇಕು, ಅದಕ್ಕಿಂತ ಸಣ್ಣ ಅಪರಾಧಕ್ಕೆ 300 ಪುಟ ಜಾಸ್ತಿಯಾಯಿತು ಅನ್ನುವುದು ಅವನ ವಾದ. ಇದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲ, ಅದಕ್ಕೇ ಒಗಟು ಗಟ್ಟಿಯಾಗುತ್ತದೆ. ಅದರ ಮೇಲೆ ಆಗ ಇಂಗ್ಲೆಂಡಿನಲ್ಲಿ ಕೊಲೆಗೆ ಗಲ್ಲು ಶಿಕ್ಷೆ ಇತ್ತು, ಪತ್ತೇದಾರ ತಪ್ಪಿದರೆ ನಿರಪರಾಧಿಯ ಕುತ್ತಿಗೆಗೇ ಬರುತ್ತಿತ್ತು.

ಆದರೆ ಕಳೆದುಕೊಳ್ಳೋಕೆ ಮನುಷ್ಯರಿಗೆ ಪ್ರಾಣ ಒಂದೇ ಇರುವುದಲ್ಲ, ಅಲ್ವಾ? ಡೊರೊಥಿ ಸೇಯರ್ಸ್‌ಳ 'ಗಾಡಿ ನೈಟ್' (1935) ನಡೆಯುವುದು ಆಕ್ಸ್‌ಫರ್ಡಿನ ಒಂದು ಮಹಿಳಾ ಕಾಲೇಜಿನಲ್ಲಿ. ಯಾರೋ ಹೊಲಸು ಕಾಗದ ಬರೆದು ಎಸೆಯುತ್ತಿದ್ದಾರೆ, ಅಧ್ಯಾಪಕಿಯೊಬ್ಬರು ವರ್ಷಗಟ್ಟಲೆ ದುಡಿದ ಪುಸ್ತಕದ ಪ್ರೂಫ್ ಹಾಳುಮಾಡುತ್ತಾರೆ. ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಡಲು ಒಪ್ಪಿದ್ದೇ 1920ರಲ್ಲಿ. ಸುದ್ದಿ ಹೊರಗೆ ಹೋದರೆ ಹೆಣ್ಣುಮಕ್ಕಳಿಗೆ ಓದು ಯಾಕೆ ಅನ್ನುವವರ ಬಾಯಿಗೆ ಸಿಕ್ಕಂತೆ. ಇಡೀ ಕಾದಂಬರಿಯಲ್ಲಿ ಒಂದು ಕೊಲೆಯೂ ಇಲ್ಲ, ಆದರೂ ಕಾಲೇಜಿನ ಕಾರಿಡಾರಿನಲ್ಲಿ ದೀಪ ಆರಿದಾಗ ಎದೆ ಹೊಡೆದುಕೊಳ್ಳುತ್ತದೆ.

ನನಗೆ ಇನ್ನೂ ಇಷ್ಟ ಜೋಸೆಫಿನ್ ಟೇಯ 'ದಿ ಫ್ರಾಂಚೈಸ್ ಅಫೇರ್' (1948). 15 ವರ್ಷದ ಹುಡುಗಿಯೊಬ್ಬಳು, ಈ ತಾಯಿ ಮಗಳು ನನ್ನನ್ನು ಮನೆಯಲ್ಲಿ ಕೂಡಿಹಾಕಿ ಹೊಡೆದರು, ಮನೆಗೆಲಸ ಮಾಡು ಅಂತ ಪೀಡಿಸಿದರು ಅನ್ನುತ್ತಾಳೆ. ನಾವು ಇವಳ ಮುಖವನ್ನೇ ನೋಡಿಲ್ಲ ಅಂತ ಅವರು. ಆದರೆ ಹುಡುಗಿ ಮನೆಯೊಳಗಿನ ವಿವರಗಳನ್ನು ಸರಿಯಾಗಿ ಹೇಳುತ್ತಾಳೆ! ಊರು ಆ ಇಬ್ಬರ ಮೇಲೆ ತಿರುಗಿಬೀಳುತ್ತದೆ. ನನ್ನನ್ನು ಕೂಡಿಹಾಕಿದ್ದರು ಅಂತ ಇದೇ ರೀತಿ ದೂರಿದ್ದ ಎಲಿಜಬೆತ್ ಕ್ಯಾನಿಂಗ್ ಎಂಬ ಕೆಲಸದ ಹುಡುಗಿಯ ನಿಜ ಪ್ರಕರಣ, 1753ರಲ್ಲಿ ಲಂಡನ್ನನ್ನು ಎರಡು ಪಾಳಯ ಮಾಡಿದ್ದು, ಅದೇ ಇದಕ್ಕೆ ಮೂಲ.

ಜಪಾನಿನಲ್ಲಂತೂ ದಿನನಿತ್ಯದ ಒಗಟುಗಳಿಗೇ ಒಂದು ಪ್ರಕಾರ ಬೆಳೆದಿದೆ. 1989ರಲ್ಲಿ ಬಂದ ಕಿತಾಮುರಾ ಕಾವೊರುವಿನ ಕಥೆಗಳು ಅದಕ್ಕೆ ದಾರಿ ಮಾಡಿದವು. ಒಂದರಲ್ಲಿ ಹೋಟೆಲಿನಲ್ಲಿ ಕುಳಿತ ಮೂವರು ಹುಡುಗಿಯರು ಸರದಿಯ ಮೇಲೆ ತಮ್ಮ ಟೀಗೆ ಚಮಚ ಚಮಚ ಸಕ್ಕರೆ ಸುರಿಯುತ್ತಲೇ ಇರುತ್ತಾರೆ. ಯಾಕೆ ಅನ್ನುವುದನ್ನು ನಾನಿಲ್ಲಿ ಹೇಳಲ್ಲ, ಓದಬೇಕೆಂದಿರುವವರಿಗೆ ಅನ್ಯಾಯವಾಗುತ್ತದೆ.