ಅಯ್ಯನವರಿಗೆ ಮರ್ಯಾದೆ ಎಂದರೆ ಏನೇನು? ಲೆಕ್ಕ ಕೇಳಿದರೆ ಅಪಮಾನವೇ?

ಓದುಗರ ಪ್ರಶ್ನೆ: ನಮ್ಮ ಕ್ರೈಸ್ತ ಸಭೆಯಲ್ಲಿ ಎರಡು ಗುಂಪಿವೆ. ಅಯ್ಯನವರು, ಅಂದರೆ ಸಭಾಪಾಲಕರು, ಹೇಳಿದ್ದೇ ದೇವರ ಮಾತು ಅನ್ನುವವರು ಒಂದು ಕಡೆ. ‘ಪಗಾರ ನಾವ್ ಕೊಡ್ತೀವಿ, ನಾವ್ ಹೇಳ್ದಂಗ ಇರ್ಬೇಕು’ ಅನ್ನುವವರು ಇನ್ನೊಂದು ಕಡೆ. ಬೈಬಲಿನ ಪ್ರಕಾರ ಸಭಾಪಾಲಕರನ್ನು ಹೇಗೆ ನಡೆಸಿಕೊಳ್ಳಬೇಕು? ಕಾಣಿಕೆಯ ಲೆಕ್ಕ ಕೇಳಿದರೆ ದೇವರ ಸೇವಕರಿಗೆ ಅಪಮಾನ ಮಾಡಿದಂತೆಯೇ?

ಉತ್ತರ: ಕೊನೆಯ ಮಾತಿನಿಂದಲೇ ಹಿಡಿಯೋಣ. ಅಪಮಾನ ಅಲ್ಲ. ಯಾರೂ ಕೇಳುವ ಮೊದಲೇ ಲೆಕ್ಕ ಗೋಡೆಯ ಮೇಲೆ ಇರಬೇಕಿತ್ತು, ಇರಲಿಲ್ಲ ಎಂದರೆ ಸಭೆ ತನ್ನ ಪಾಲಕರನ್ನು ಕಾಪಾಡಿಲ್ಲ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಪೌಲ ಒಬ್ಬನೇ ಹೊತ್ತು ನಡೆಯಲಿಲ್ಲ. ತನ್ನ ಜೊತೆಸೇವಕ ತೀತನ ಜೊತೆ ಇನ್ನಿಬ್ಬರನ್ನು ಕಳಿಸಿದ, ಅವರಲ್ಲಿ ಒಬ್ಬನನ್ನು ಸಭೆಗಳೇ ಆರಿಸಿದ್ದವು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ನೇರವಾಗಿರಬೇಕು ಎಂಬುದು ಅವನು ಕೊಟ್ಟ ಕಾರಣ (2 ಕೊರಿಂಥ 8:18-22). ಅಪೊಸ್ತಲನೇ ಹೀಗೆ ನಡೆದುಕೊಂಡಿರುವಾಗ ನಮ್ಮ ಸಭೆಗಳಿಗೆ ಬೇರೆ ನಿಯಮ ಇರಲಾರದು.

ಎಣಿಕೆ ಹೀಗಿರಲಿ. ಆರಾಧನೆ ಮುಗಿದ ಕೂಡಲೇ, ಜನ ಇನ್ನೂ ಅಂಗಳದಲ್ಲಿ ಮಾತಾಡುತ್ತ ನಿಂತಿರುವಾಗಲೇ, ಒಂದೇ ಮನೆತನದವರಲ್ಲದ ಇಬ್ಬರು ಮೇಜಿನ ಮೇಲೆ ಕಾಣಿಕೆ ಚೀಲ ಸುರಿದು ಎಣಿಸಬೇಕು. 500ರ ನೋಟು ಎಷ್ಟು, 200ರದ್ದು ಎಷ್ಟು, 100, 50, 20, 10, ಚಿಲ್ಲರೆ ಎಷ್ಟು ಎಂದು ಚೀಟಿ ಬರೆದು ಇಬ್ಬರೂ ಸಹಿ ಹಾಕಬೇಕು. ಚೀಟಿ ಎರಡು ಪ್ರತಿ: ಒಂದು ಖಜಾಂಚಿಗೆ, ಒಂದು ಕಾರ್ಯದರ್ಶಿಗೆ. ಸೋಮವಾರ ಅಷ್ಟೂ ಹಣ ಬ್ಯಾಂಕಿಗೆ ಹೋಗಬೇಕು, ಖರ್ಚಿನ ಹಣ ಬ್ಯಾಂಕಿನಿಂದಲೇ ಬರಬೇಕು. ಬಹಳ ಸಭೆಗಳು ತಪ್ಪುವುದು ಇಲ್ಲೇ. ಮೈಕಿನವನಿಗೆ 300 ರೂಪಾಯಿಯನ್ನು ಚೀಲದಿಂದಲೇ ಕೊಟ್ಟು ಉಳಿದದ್ದನ್ನು ಜಮಾ ಮಾಡುತ್ತಾರೆ. ಚೀಟಿಗೂ ಪಾಸ್‌ಬುಕ್ಕಿಗೂ ತಾಳೆಯಾಗುವುದಿಲ್ಲ. ಮೂರು ತಿಂಗಳಾದ ಮೇಲೆ ಆ 300 ಎಲ್ಲಿ ಹೋಯಿತೆಂದು ಯಾರಿಗೂ ನೆನಪಿರುವುದಿಲ್ಲ, ಮಾತು ಮಾತ್ರ ಅಯ್ಯನವರ ಮೇಲೆ ಬರುತ್ತದೆ. ಹೀಗಾಗಿ ಅವರ ಕೈ ಆ ಚೀಲಕ್ಕೆ ತಾಗಲೇಬಾರದು. ಇದು ಅನುಮಾನಪಟ್ಟು ಮಾಡುವ ಏರ್ಪಾಡಲ್ಲ, ಅವರ ಹೆಸರಿಗೆ ಕಟ್ಟುವ ಬೇಲಿ.

ಸುಗ್ಗಿ ಹಬ್ಬದ ಲಿಲಾವಿನಲ್ಲಿ (ಹರಾಜಿನಲ್ಲಿ) ತೊಂದರೆ ಇನ್ನೂ ಜಾಸ್ತಿ. ಜೋಳದ ಚೀಲ, ಕೋಳಿ, ಕುಂಬಳಕಾಯಿ ಎಲ್ಲಕ್ಕೂ ಹುರುಪಿನಿಂದ ಕೂಗುತ್ತಾರೆ, ಒಂದು ತೆಂಗಿನಕಾಯಿ ಸಾವಿರ ರೂಪಾಯಿಗೆ ಏರುತ್ತದೆ, ಅರ್ಧ ಜನ ಉದ್ರಿ ಹೇಳಿ ಮನೆಗೆ ಹೋಗುತ್ತಾರೆ. ಆಮೇಲೆ ಆ ಉದ್ರಿ ಎತ್ತಲು ಅಯ್ಯನವರನ್ನು ಮನೆಮನೆಗೆ ಕಳಿಸುತ್ತಾರೆ. ಬಾಕಿ ಇರುವವನು ಮೊದಲು ಅವರಿಗೆ ಮುಖ ತಪ್ಪಿಸುತ್ತಾನೆ, ನಂತರ ಆರಾಧನೆಯನ್ನೇ ತಪ್ಪಿಸುತ್ತಾನೆ. ಪ್ರಾರ್ಥನೆಗೆಂದು ಬಾಗಿಲಿಗೆ ಬಂದವರನ್ನೂ ವಸೂಲಿಗೆ ಬಂದವರೆಂದು ತಿಳಿಯುತ್ತಾನೆ. ಲಿಲಾವಿಗೆ ಬೇರೆ ವಹಿ ಇಡಿ: ಹೆಸರು, ಸಾಮಾನು, ಮೊತ್ತ, ಕೊಟ್ಟ ತಾರೀಖು. ವಸೂಲಿಗೆ ಖಜಾಂಚಿ ಹಾಗೂ ಕಮಿಟಿಯ ಇಬ್ಬರು ಹೋಗಲಿ.

ಈಗ ಪಗಾರದ ಮಾತು. ಚೆನ್ನಾಗಿ ನಡೆಸುವ ಹಿರಿಯರು, ಅದರಲ್ಲೂ ವಾಕ್ಯ ಸಾರುವುದರಲ್ಲಿ ಮತ್ತು ಕಲಿಸುವುದರಲ್ಲಿ ದುಡಿಯುವವರು, ಇಮ್ಮಡಿ ಮಾನಕ್ಕೆ ಯೋಗ್ಯರು ಎನ್ನುತ್ತದೆ 1 ತಿಮೊಥೆಯ 5:17. ಅಲ್ಲಿ ಬರುವ ಗ್ರೀಕ್ ಪದ ‘ತಿಮೇ’. ಅದಕ್ಕೆ ಗೌರವ ಎಂಬ ಅರ್ಥವೂ ಇದೆ, ಬೆಲೆ ಎಂಬ ಅರ್ಥವೂ ಇದೆ. ಕನ್ನಡದ ‘ಸಂಭಾವನೆ’ ಅದರ ಹತ್ತಿರಕ್ಕೆ ಬರುತ್ತದೆ: ಮನ್ನಣೆಯೂ ಹೌದು, ಕೈಗೆ ಕೊಡುವ ಹಣವೂ ಹೌದು. ಮುಂದಿನ ವಚನದಲ್ಲೇ ಪೌಲ ಕಣ ತುಳಿಯುವ ಎತ್ತನ್ನು ತರುತ್ತಾನೆ. ಹಂತಿ ಹೂಡಿ ರಾಶಿ ಮಾಡಿದ್ದನ್ನು ಕಂಡ ವಿಜಯಪುರ, ಬಾಗಲಕೋಟೆ ಕಡೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಟಿಯ ಸುತ್ತ ತಿರುಗುವ ಎತ್ತು ನಡುವೆ ತೆನೆಗೆ ಬಾಯಿ ಹಾಕುತ್ತದೆ. ಬಾಯಿ ಕಟ್ಟಿದರೆ ನಾಲ್ಕು ತೆನೆ ಉಳಿದೀತು, ಆದರೆ ತುಳಿಯುವ ಎತ್ತಿನ ಬಾಯಿ ಕಟ್ಟಬೇಡ ಎನ್ನುತ್ತದೆ ಧರ್ಮೋಪದೇಶಕಾಂಡ 25:4.

ಸಂಭಾವನೆ ತಿಂಗಳ ಗೊತ್ತಾದ ತಾರೀಖಿಗೆ ಖಾತೆಗೆ ಬೀಳಲಿ. ಪ್ರಸಂಗ ಮುಗಿದ ಮೇಲೆ ಎಲ್ಲರ ಕಣ್ಣೆದುರು ಕೈಯಲ್ಲಿ ಲಕೋಟೆ ಇಡುವುದು ಬೇಡ, ‘ಈ ವಾರ ಕಾಣಿಕೆ ಕಡಿಮಿ ಬಂತರಿ’ ಅನ್ನುವುದಂತೂ ಬೇಡವೇ ಬೇಡ. ಪೆಟ್ರೋಲನ್ನು ಬೇರೆಯಾಗಿ ಕೊಡಿ. 25 ಕಿ.ಮೀ. ದೂರದ ಹಳ್ಳಿಯ ಸಭೆಗೆ ವಾರಕ್ಕೆ ಎರಡು ಸಲ ಹೋಗಿ ಬಂದರೆ ವಾರಕ್ಕೆ 100 ಕಿ.ಮೀ., ತಿಂಗಳಿಗೆ ಸುಮಾರು 430. ಬೈಕು ಲೀಟರಿಗೆ 50 ಕೊಟ್ಟರೂ ಎಂಟೂವರೆ ಲೀಟರಿಗೆ ಮೇಲೆ ಬೇಕು. ಲೀಟರಿಗೆ 100 ರೂಪಾಯಿ ಹಿಡಿದರೂ 860 ರೂಪಾಯಿ, ಟಯರು, ಸರ್ವಿಸ್ ಬೇರೆ. ಇದೆಲ್ಲ ಪಗಾರದಲ್ಲೇ ಬಂತು ಅಂದುಕೊಂಡರೆ ಆ ಹಣ ಮಕ್ಕಳ ಫೀಯಿಂದ ಹೋಗುತ್ತದೆ. ಅಮ್ಮನವರ, ಅಂದರೆ ಪಾಲಕರ ಹೆಂಡತಿಯ, ವಿಷಯವೂ ಇದರಲ್ಲೇ ಬರುತ್ತದೆ. ಭಾನುವಾರ ಶಾಲೆ, ಸ್ತ್ರೀಯರ ಕೂಟ, ಬಂದವರಿಗೆಲ್ಲ ಚಹಾ, ಇವು ಅವರ ಪ್ರೀತಿಯ ಸೇವೆ. ಸಭೆ ಒಬ್ಬರಿಗೆ ಕೊಟ್ಟು ಇಬ್ಬರಿಂದ ದುಡಿಸಿಕೊಳ್ಳುವ ಹಕ್ಕು ಪಡೆದಿಲ್ಲ.

ವಿಶ್ರಾಂತಿ ಕೊಡುವುದನ್ನೂ ಮರೆಯಬಾರದು. ಭಾನುವಾರ ದುಡಿಯುವವರಿಗೆ ಸೋಮವಾರ ರಜೆ. ಸಾವು ಅಥವಾ ಆಸ್ಪತ್ರೆ ಅಲ್ಲದ ಯಾವ ಕರೆಯೂ ಆ ದಿನ ಹೋಗಬಾರದು. ಡಿಸೆಂಬರ್ ಪೂರ್ತಿ ಕ್ಯಾರೋಲ್, 24ರ ರಾತ್ರಿ, 25, ಮತ್ತೆ 31ರ ರಾತ್ರಿ, 1ರ ಬೆಳಿಗ್ಗೆ. ಇಷ್ಟಾದ ಮೇಲೆ ಜನವರಿಯಲ್ಲಿ ಒಂದು ವಾರ ಊರಿಗೆ ಹೋಗಿಬರಲು ಕಮಿಟಿಯೇ ಹೇಳಿ ಕಳಿಸಬೇಕು. ಕಥೋಲಿಕ ಧರ್ಮಸಭೆಯಲ್ಲಂತೂ ಇದು ಕಾನೂನಿನಲ್ಲೇ ಇದೆ. ವಿಚಾರಣಾ ಗುರುಗಳು (ಒಂದು ಚರ್ಚಿನ ಹೊಣೆ ಹೊತ್ತ ಪಾದ್ರಿಗಳು) ವರ್ಷಕ್ಕೆ ಒಂದು ತಿಂಗಳವರೆಗೆ ರಜೆ ಪಡೆಯಬಹುದು, ವಾರ್ಷಿಕ ಧ್ಯಾನದ ದಿನಗಳು ಇದರಲ್ಲಿ ಸೇರುವುದಿಲ್ಲ (1983ರ ಧರ್ಮಸಭಾ ಕಾನೂನು, 533). ಸಾಯಬೇಕೆಂದು ಜಾಲಿಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಬುದ್ಧಿ ಹೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಗೊಟ್ಟ, ಎರಡನೆಯ ಸಲ ಎಬ್ಬಿಸಿ ಮತ್ತೆ ಉಣ್ಣು ಅಂದ (1 ಅರಸುಗಳು 19).

ಇನ್ನು ಮೊದಲ ಗುಂಪಿನವರಿಗೆ. ಅವರ ಬಾಯಲ್ಲಿ ಸದಾ ಇರುವ ವಚನ, ‘ನಾನು ಅಭಿಷೇಕಿಸಿದವರನ್ನು ಮುಟ್ಟಬೇಡಿರಿ’ (ಕೀರ್ತನೆ 105:15). ಆ ಕೀರ್ತನೆಯನ್ನು ಮೇಲಿನಿಂದ ಓದಿ ನೋಡಿ. ಅಬ್ರಹಾಮ, ಇಸಾಕ, ಯಾಕೋಬರು ಪರದೇಶಿಗಳಾಗಿ ಊರೂರು ಅಲೆಯುವಾಗ ಅವರಿಗೆ ಕೇಡು ಮಾಡಬೇಡಿ ಎಂದು ದೇವರು ಅರಸರನ್ನು ಗದರಿಸಿದ ಮಾತು ಅದು. ಪಾಲಕರನ್ನು ಪ್ರಶ್ನಿಸಬಾರದು ಎಂಬುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅರಸ ದಾವೀದ ಅಭಿಷಿಕ್ತನೇ, ಆದರೂ ಪ್ರವಾದಿ ನಾತಾನ ಎದುರು ನಿಂತು, ಅವನ ಪಾಪವನ್ನು ತೋರಿಸಿ, ‘ಆ ಮನುಷ್ಯ ನೀನೇ’ ಅಂದ. ಅಭಿಷಿಕ್ತನೆಂದು ಅರಸ ಸೌಲನ ಮೇಲೆ ಕೈ ಎತ್ತದ ದಾವೀದನೂ ಗವಿಯಿಂದ ಹೊರಬಂದು ಅವನ ತಪ್ಪನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದ. ಇಬ್ರಿಯ 13:17 ನಾಯಕರಿಗೆ ವಿಧೇಯರಾಗಿರಿ ಎನ್ನುತ್ತದೆ, ನಿಜ. ಅದೇ ವಚನ ಅವರು ಲೆಕ್ಕ ಒಪ್ಪಿಸಬೇಕಾದವರು ಎಂದೂ ಹೇಳುತ್ತದೆ. ಹಿಂಡಿನ ಮೇಲೆ ದೊರೆತನ ಮಾಡಬೇಡಿ ಎಂದು ಹಿರಿಯರಿಗೆ ಬರೆದವನು ಪೇತ್ರ (1 ಪೇತ್ರ 5:3). ರೋಮನ್ ಶತಾಧಿಪತಿ ಕೊರ್ನೇಲ್ಯ ಪಾದಕ್ಕೆ ಬಿದ್ದಾಗ ‘ಏಳು, ನಾನೂ ಮನುಷ್ಯನೇ’ ಎಂದು ಎತ್ತಿದವನೂ ಅವನೇ. ಹಿರಿಯರ ಕಾಲು ಮುಟ್ಟುವುದು ನಮ್ಮ ಕಡೆಯ ರೂಢಿ, ಅದರಲ್ಲಿ ದೋಷವಿಲ್ಲ. ಮುಟ್ಟದವನ ಮನೆಗೆ ಪ್ರಾರ್ಥನೆಗೆ ಹೋಗದಿದ್ದರೆ ಅದು ದೋಷ.

ದೂರು ಇದ್ದರೆ? ಮೊದಲು ಅದು ಯಾವ ಬಗೆಯದು ಎಂದು ತೂಗಿ. ಪ್ರಸಂಗ ಉದ್ದವಾಯಿತು, ನಮ್ಮ ಮನೆಗೆ ಬರಲಿಲ್ಲ ಎಂಬಂಥವನ್ನು ಮತ್ತಾಯ 18:15 ಹೇಳುವಂತೆ ಅವರೊಬ್ಬರ ಹತ್ತಿರವೇ ಆಡಬೇಕು. ಭಾನುವಾರ ಪ್ರಸಂಗ ಮುಗಿದ ಕೂಡಲೇ ಬೇಡ, ಬುಧವಾರವೋ ಗುರುವಾರವೋ ಹೋಗಿ, ‘ಅಯ್ಯನವರ, ಒಂದ್ ಮಾತ ಹೇಳಬೇಕಿತ್ತರಿ, ತಪ್ಪ ತಿಳ್ಕೋಬ್ಯಾಡ್ರಿ’ ಎಂದು ಶುರು ಮಾಡಿ, ಒಂದೇ ವಿಷಯ ಹೇಳಿ ಬನ್ನಿ. ಐದು ವರ್ಷದ ಪಟ್ಟಿ ಬಿಚ್ಚಿದರೆ ಒಂದೂ ಕಿವಿಗೆ ಹೋಗುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಆಡಿಯೋ ಬಿಡುವುದು ಚಾದಂಗಡಿಯ ಕಟ್ಟೆಯ ಮೇಲೆ ಆಡಿದ್ದಕ್ಕಿಂತ ಕೆಟ್ಟದ್ದು, ಅದು ಮರುದಿನವೂ ಕೇಳುತ್ತಲೇ ಇರುತ್ತದೆ. ಹಣದ ದುರುಪಯೋಗದಂಥ ಗಂಭೀರ ದೂರಿಗೆ ಇಬ್ಬರು ಮೂವರು ಸಾಕ್ಷಿಗಳು ಬೇಕು, ತಪ್ಪು ಖಚಿತವಾದರೆ ಎಲ್ಲರ ಮುಂದೆ ಗದರಿಸಬೇಕು (1 ತಿಮೊಥೆಯ 5:19-20). ಎರಡೂ ಒಟ್ಟಿಗೇ ಬರೆದಿವೆ, ಒಂದನ್ನು ಬಿಟ್ಟು ಒಂದನ್ನು ಓದಬಾರದು. ತಾರೀಖು, ಮೊತ್ತ, ಚೀಟಿಯ ನಕಲು ಸೇರಿಸಿ ಬರಹದಲ್ಲಿ ಕಮಿಟಿಗೆ ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳವರು ಧಾರವಾಡದಲ್ಲಿರುವ ಉತ್ತರ ಕರ್ನಾಟಕ ಸಭಾಪ್ರಾಂತಕ್ಕೆ (ಡಯಾಸಿಸ್‌ಗೆ), ಮೆಥೊಡಿಸ್ಟರು ತಮ್ಮ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟರಿಗೆ, ಕಥೋಲಿಕರು ಧರ್ಮಾಧ್ಯಕ್ಷರಿಗೆ (ಬಿಷಪರಿಗೆ) ಬರೆಯಬೇಕು. ಮೇಲೆ ಯಾರೂ ಇಲ್ಲದ ಸ್ವತಂತ್ರ ಸಭೆಗಳಲ್ಲಿ ಮೊದಲು ಆಗಬೇಕಾದ್ದು ಬೇರೆ: ಜಾಗ, ಖಾತೆ ಪಾಸ್ಟರ ಸ್ವಂತ ಹೆಸರಿನಿಂದ ನೋಂದಾಯಿತ ಟ್ರಸ್ಟಿನ ಹೆಸರಿಗೆ ಬರಬೇಕು, ಚೆಕ್ಕಿಗೆ ಬಂಧುಗಳಲ್ಲದ ಇಬ್ಬರ ಸಹಿ ಇರಬೇಕು.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸಂಗತಿ ಬಂದರೆ ಮೇಲಿನ ಯಾವ ಮೆಟ್ಟಿಲೂ ಹತ್ತಬೇಡಿ. ಒಂಟಿಯಾಗಿ ಹೋಗಿ ಮಾತಾಡುವುದು, ಕಮಿಟಿಯಲ್ಲಿ ರಾಜಿ ಮಾಡಿಸುವುದು, ಮಗುವನ್ನು ಆರೋಪ ಹೊತ್ತವರೆದುರು ನಿಲ್ಲಿಸುವುದು ಎಲ್ಲವೂ ತಪ್ಪು. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೂ ಅಪರಾಧ. ಮಕ್ಕಳ ಸಹಾಯವಾಣಿ 1098. ಸಭೆಯ ಮಾನ ಹೋಗುತ್ತದೆ ಎಂಬ ಮಾತು ಆಗ ಯಾರ ಬಾಯಿಂದಲೂ ಬರಬಾರದು.

ವರ್ಗಾವಣೆಯ ಬಗ್ಗೆಯೂ ಎರಡು ಮಾತು, ಸಭೆಗಳು ಒಡೆಯುವುದು ಅಲ್ಲೇ. ಮೆಥೊಡಿಸ್ಟ್ ಸಭೆಯಲ್ಲಿ ನೇಮಕ ಮಾಡುವವರು ಬಿಷಪರು, ಪ್ರಾದೇಶಿಕ ಸಮ್ಮೇಳನದಲ್ಲಿ (ರೀಜನಲ್ ಕಾನ್ಫರೆನ್ಸ್) ಅದನ್ನು ಓದುತ್ತಾರೆ. ಇವರೇ ಇರಲಿ ಎಂದೋ ಇವರು ಹೋಗಲಿ ಎಂದೋ ಸಹಿ ಕೂಡಿಸುತ್ತ ತಿರುಗಿದರೆ ನಾನು ಪೌಲನವನು, ನಾನು ಅಪೊಲ್ಲೋಸನವನು ಎಂಬ ಕೊರಿಂಥದ ಜಗಳವೇ ಇಲ್ಲಿಯೂ ಹುಟ್ಟುತ್ತದೆ. ಹೋಗುವವರು ಮನೆ ಬಿಡುವ ದಿನ ಕಮಿಟಿಯ ಇಬ್ಬರು ಕರೆಂಟಿನ ಮೀಟರ್ ಓದಿ ಬರೆದುಕೊಳ್ಳಲಿ, ಸಾಮಾನಿನ ಪಟ್ಟಿಗೆ ಇಬ್ಬರ ಕಡೆಯಿಂದಲೂ ಸಹಿ ಆಗಲಿ. ದೀಕ್ಷಾಸ್ನಾನ, ವಿವಾಹ, ಸಮಾಧಿಯ ರಿಜಿಸ್ಟರುಗಳ ಕೊನೆಯ ನಮೂದಿನ ಕ್ರಮಸಂಖ್ಯೆಯನ್ನೂ ಪಟ್ಟಿಯಲ್ಲಿ ಬರೆಯಿರಿ. ವಿವಾಹದ ರಿಜಿಸ್ಟರು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಂತೆ ಕಾನೂನಿನ ದಾಖಲೆ, ಒಂದು ಪುಟ ಕಳೆದರೆ ಯಾವುದೋ ದಂಪತಿ ಮುಂದೆ ಕಚೇರಿ ಕಚೇರಿ ಅಲೆಯಬೇಕಾಗುತ್ತದೆ. ಬರುವವರಿಗೆ ಮನೆ ಸುಣ್ಣ ಬಳಿದು, ನೀರಿನ ಟಾಕಿ ತೊಳೆದು ಇಟ್ಟಿರಲಿ, ಮೊದಲ ದಿನದ ಊಟ ಸಭೆಯ ಯಾವುದಾದರೂ ಮನೆಯಿಂದ ಹೋಗಲಿ. ಹಳೆಯ ಅಯ್ಯನವರ ಮೇಲೆ ಪ್ರೀತಿ ಇದೆಯೆಂದು ಮಗಳ ಮದುವೆ ಮಾಡಿಸಲು ಅವರನ್ನೇ ನೇರವಾಗಿ ಕರೆಯಬೇಡಿ. ಮೊದಲು ಹೊಸಬರನ್ನು ಕಾಣಿ. ಮದುವೆ ನೀವೇ ಮಾಡಿಸಿರಿ, ಹಳೆಯ ಅಯ್ಯನವರು ಬಂದು ಆಶೀರ್ವಾದದ ಪ್ರಾರ್ಥನೆ ಮಾಡಲಿ ಎಂದು ಕೇಳಿ, ಕರೆಯುವ ಪತ್ರ ಹೊಸಬರ ಕೈಯಿಂದಲೇ ಹೋಗಲಿ.