ಹಳೆಯ ಕಾರಿನ ಹೆಡ್‌ನಲ್ಲಿ ಸಿಕ್ಕಿಕೊಂಡ ಸ್ಪಾರ್ಕ್ ಪ್ಲಗ್: ಬಿಚ್ಚುವ ಕ್ರಮ ಮತ್ತು ಕಾರಣಗಳು

ಮೋಟಾರು ವಾಹನ ಮೆಕ್ಯಾನಿಕ್ ಕೆಲಸವನ್ನು ನನ್ನಂತೆಯೇ ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿಯನ್ನು ಬರೆದಿದ್ದೇನೆ. ಉದಾಹರಣೆಗೆ ತೆಗೆದುಕೊಂಡಿರುವುದು ಕಾರ್ಬ್ಯುರೇಟರ್ ಇರುವ ಹಳೆಯ ಮಾರುತಿ 800. ಇದರದು 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್, ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಅಲ್ಯೂಮಿನಿಯಂನದು. ನಾನು ಕೆಲಸ ಕಲಿಯುವ ಗ್ಯಾರೇಜಿಗೆ ಬಂದ ಗಾಡಿ ಜಯನಗರದ ಮನೆಯೊಂದರ ಮುಂದೆ, ಹೊಂಗೆ ಮರದ ಕೆಳಗೆ, ಎರಡು ಮಳೆಗಾಲ ಕದಲದೆ ನಿಂತಿತ್ತು. ಅದರ ಒಂದನೆಯ ಮತ್ತು ಮೂರನೆಯ ಪ್ಲಗ್‌ಗಳು ಸುಲಭವಾಗಿ ಬಂದವು, ನಡುವಿನದು ಮಿಸುಕಲಿಲ್ಲ.

ಪ್ಲಗ್ ಏಕೆ ಹಿಡಿದುಕೊಂಡಿದೆ ಎಂಬುದನ್ನು ಊಹಿಸದೆ ಪಾನಾ ಹಾಕಬಾರದು. ಪ್ಲಗ್ಗಿನ ಮೈ ಉಕ್ಕಿನದು, ಹೆಡ್ ಅಲ್ಯೂಮಿನಿಯಂನದು. ಈ ಎರಡು ಲೋಹಗಳ ನಡುವೆ ತೇವ ಸೇರಿದರೆ ಅಲ್ಯೂಮಿನಿಯಂ ಕೊರೆದುಹೋಗಿ, ಬಿಳಿಯ ಪುಡಿಯಾಗಿ ಪಿರಿಗಳ (ತಿರುಪಿನ ಸುತ್ತುಗಳ) ಸಂದಿಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಇದು ಮೊದಲನೆಯ ಕಾರಣ. ಎರಡನೆಯದು ಮಸಿ: ಪ್ಲಗ್ಗಿನ ತುದಿಯ ಪಿರಿಗಳು ಉರಿಯುವ ಕೋಣೆಯತ್ತ ಚಾಚಿಕೊಂಡಿದ್ದರೆ ಅವುಗಳ ಮೇಲೆ ಕಾರ್ಬನ್ ಕಿಟ್ಟ ಕಟ್ಟುತ್ತದೆ. ಮೂರನೆಯದು, ಹಿಂದಿನ ಸಲ ಹಾಕಿದವರು ಉದ್ದ ಹಿಡಿಯಿಂದ ಅಳತೆ ಮೀರಿ ಬಿಗಿದಿರುವುದು ಅಥವಾ ಪಿರಿ ಓರೆಯಾಗಿ ಹತ್ತಿಸಿರುವುದು.

ಮಸಿಯ ವಿಚಾರದಲ್ಲಿ ನಮ್ಮ ಊರಿನ ಸ್ಥಿತಿಯನ್ನೂ ಗಮನಿಸಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಶೇ. 8ರಷ್ಟು ಕಡಿಮೆ; ಹೀಗಾಗಿ ಕರಾವಳಿಯ ಗಾಳಿಗೆ ಹೊಂದಿಸಿದ ಕಾರ್ಬ್ಯುರೇಟರ್ ಇಲ್ಲಿ ಗಾಳಿಗೆ ಹೋಲಿಸಿದರೆ ಸ್ವಲ್ಪ ಹೆಚ್ಚು ಪೆಟ್ರೋಲನ್ನೇ ಕೊಡುತ್ತದೆ. ಪ್ಲಗ್ಗಿನ ತುದಿ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಬೇಕು. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುತ್ತಾ ಮೂರ್ನಾಲ್ಕು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಆ ಬಿಸಿ ಬಹಳ ಹೊತ್ತು ಸಿಗುವುದೇ ಇಲ್ಲ.

ಸಿದ್ಧತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ತೆಗೆಯಿರಿ, ಪ್ಲಗ್ ವೈರುಗಳಿಗೆ ಗುರುತು ಹಾಕಿ, ವೈರನ್ನು ಎಳೆಯದೆ ರಬ್ಬರ್ ಟೋಪಿಯನ್ನೇ ಹಿಡಿದು ತಿರುಗಿಸಿ ಬಿಡಿಸಿ. ಪ್ಲಗ್ ಸುತ್ತಲಿನ ಮಣ್ಣು, ಹೊಂಗೆಯ ಹೂವಿನ ಪುಡಿ ಎಲ್ಲವನ್ನೂ ಗಾಳಿ ಹೊಡೆದು ತೆಗೆಯಲೇಬೇಕು. ಇಲ್ಲದಿದ್ದರೆ ಪ್ಲಗ್ ಬಂದ ಕ್ಷಣದಲ್ಲೇ ಅದೆಲ್ಲ ಸಿಲಿಂಡರಿಗೆ ಬೀಳುತ್ತದೆ. ಹಳೆಯ ಪ್ಲಗ್‌ಗಳ ಷಟ್ಕೋನ ಸಾಮಾನ್ಯವಾಗಿ 20.8 ಮಿ.ಮೀ., ಹೊಸ ಮಾದರಿಗಳದು 16 ಮಿ.ಮೀ. ಆದ್ದರಿಂದ ಅಳತೆ ನೋಡಿ, ಆರು ಮೂಲೆಯ, ಒಳಗೆ ರಬ್ಬರ್ ಇರುವ ಪ್ಲಗ್ ಸಾಕೆಟ್ಟನ್ನೇ ಬಳಸಿ. ಹನ್ನೆರಡು ಮೂಲೆಯದು ಬಿಗಿಯಾದ ಪ್ಲಗ್ಗಿನ ಮೂಲೆಗಳನ್ನು ಸವೆಸುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ತುಕ್ಕು ಬಿಡಿಸುವ ಎಣ್ಣೆಯನ್ನು ಪ್ಲಗ್ಗಿನ ಬುಡಕ್ಕೆ ಬಿಟ್ಟು ಒಂದು ರಾತ್ರಿ ಕಾಯಬೇಕು ಎಂದು ಎಲ್ಲರೂ ಹೇಳುತ್ತಾರೆ, ನಾವೂ ಹಾಗೆಯೇ ಮಾಡಿದೆವು. ಆದರೆ ಈ ಬಗೆಯ ಪ್ಲಗ್ಗಿನ ಬುಡದಲ್ಲಿ ಒಂದು ವಾಷರ್ ಇದ್ದು, ಒಳಗಿನ ಒತ್ತಡ ಹೊರಗೆ ಸೋರದಂತೆ ತಡೆಯುವುದೇ ಅದರ ಕೆಲಸ. ಒಳಗಿನ ಗಾಳಿಯನ್ನು ಹೊರಗೆ ಬಿಡದ ವಾಷರ್ ಹೊರಗಿನ ಎಣ್ಣೆಯನ್ನೂ ಒಳಗಿನ ಪಿರಿಗಳವರೆಗೆ ಸುಲಭವಾಗಿ ಬಿಡುವುದಿಲ್ಲ. ಪ್ಲಗ್ ಕೂದಲೆಳೆಯಷ್ಟಾದರೂ ಕದಲಿದ ಮೇಲೆಯೇ ಎಣ್ಣೆಗೆ ದಾರಿ ತೆರೆಯುತ್ತದೆ. ಆದ್ದರಿಂದ ಮೊದಲ ಕದಲಿಕೆಯನ್ನು, ಅಂದರೆ ಒಂದು ಸುತ್ತಿನ ಎಂಟನೆಯ ಒಂದು ಭಾಗವನ್ನು, ಪ್ಲಗ್ ಹೊರತೆಗೆಯುವ ಯತ್ನವೆಂದು ಭಾವಿಸದೆ ಎಣ್ಣೆಗೆ ದಾರಿ ಮಾಡಿಕೊಡುವ ಕೆಲಸವೆಂದು ತಿಳಿಯಬೇಕು.

ನಾನು ಹಿಡಿಯ ಮೇಲೆ ಭಾರ ಹಾಕಿ ಬಿಚ್ಚಲು ಹೊರಟಾಗ ನಮ್ಮ ಮೇಸ್ತ್ರಿ ತಡೆದು, "ಬಿಚ್ಚಬೇಡ ಕಣೋ, ಮೊದಲು ಒಂಚೂರು ಬಿಗಿ ಮಾಡು" ಎಂದರು. ಕೇಳಲು ವಿಚಿತ್ರವಾದರೂ ಅದಕ್ಕೆ ಕಾರಣವಿದೆ: ಬಿಗಿಯುವ ಕಡೆಗೆ ತೀರಾ ಸ್ವಲ್ಪ ಒತ್ತಿದಾಗ ಕಿಟ್ಟದ ಹಿಡಿತ ಬಿರುಕು ಬಿಡುತ್ತದೆ, ಆಮೇಲೆ ಹಿಂದಕ್ಕೆ ತಿರುಗಿಸಲು ಬೇಕಾಗುವ ಬಲ ಕಡಿಮೆಯಾಗುತ್ತದೆ. ಎಡಗೈಯಿಂದ ಸಾಕೆಟ್ಟಿನ ತಲೆಯನ್ನು ಒತ್ತಿ ಎಕ್ಸ್‌ಟೆನ್ಷನ್ ನೇರವಾಗಿ ಇರುವಂತೆ ನೋಡಿಕೊಂಡು, ಬಲಗೈಯಿಂದ ಟಿ-ಹಿಡಿಯನ್ನು ಎಳೆದೆ. "ಕಿರ್" ಎಂಬ ಒಣ ಸದ್ದು ಬಂದು ಪ್ಲಗ್ ಕದಲಿತು. ಅಲ್ಲಿಗೆ ನಿಲ್ಲಿಸಿ, ಎಣ್ಣೆ ಬಿಟ್ಟು, ಹದಿನೈದು ನಿಮಿಷ ಕಾದು, ಕದಲಿದಷ್ಟನ್ನೇ ಮತ್ತೆ ಮುಂದಕ್ಕೆ ತಿರುಗಿಸಿ, ಆಮೇಲೆ ಅದಕ್ಕಿಂತ ಕೊಂಚ ಹೆಚ್ಚು ಹಿಂದಕ್ಕೆ ತಂದೆ. ಪಿರಿಯ ಉದ್ದ 19 ಮಿ.ಮೀ., ಒಂದು ಪಿರಿಯಿಂದ ಇನ್ನೊಂದಕ್ಕೆ 1.25 ಮಿ.ಮೀ. ಎಂದರೆ ಹೆಚ್ಚೆಂದರೆ ಹದಿನೈದು ಸುತ್ತು. ಅಷ್ಟನ್ನು ಬಿಡಿಸಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು.

ಕೈಗೆ ಸಿಗುವ ಅನುಭವದಿಂದಲೇ ಕಾರಣವನ್ನು ಓದಬಹುದು. ಮೊದಲ ಎಳೆತದಲ್ಲಿ ಮಾತ್ರ ಬಿಗಿಯಿದ್ದು ಆಮೇಲೆ ಸಲೀಸಾದರೆ ಅದು ಅತಿಯಾಗಿ ಬಿಗಿದ ಪ್ಲಗ್. ಕೆಲವು ಸುತ್ತು ಸಲೀಸಾಗಿ ಬಂದು ಮತ್ತೆ ಬಿಗಿಯಾದರೆ, ಮಸಿ ಹಿಡಿದ ತುದಿಯ ಪಿರಿಗಳು ಹೆಡ್ಡಿನ ಒಳ್ಳೆಯ ಪಿರಿಗಳೊಳಗೆ ಬರುತ್ತಿವೆ ಎಂದು ಅರ್ಥ. ಆಗ ಹಿಂದಕ್ಕೆ ಹೋಗಿ ಎಣ್ಣೆ ಬಿಡಬೇಕು, ಬಲ ಹೆಚ್ಚಿಸಬಾರದು. ಸದ್ದೇ ಇಲ್ಲದೆ ಕಲಸಿದ ಹಿಟ್ಟಿನೊಳಗೆ ತಿರುಗಿದಂತೆ ಮೆತ್ತಗೆ ಬರುತ್ತಿದ್ದರೆ ಹೆಡ್ಡಿನ ಅಲ್ಯೂಮಿನಿಯಂ ಪಿರಿಗಳು ಕಿತ್ತುಬರುತ್ತಿವೆ. ಅದು ಅತ್ಯಂತ ಕೆಟ್ಟ ಸೂಚನೆ.

ಎಂಜಿನ್ ಬಿಸಿ ಇರಬೇಕೋ ತಣ್ಣಗಿರಬೇಕೋ ಎಂಬ ಪ್ರಶ್ನೆಗೆ ಲೆಕ್ಕ ಹಾಕಿಯೇ ಉತ್ತರಿಸೋಣ. ಒಂದು ಡಿಗ್ರಿಗೆ ಅಲ್ಯೂಮಿನಿಯಂ ಪ್ರತಿ ಹತ್ತು ಲಕ್ಷಕ್ಕೆ ಸುಮಾರು 23 ಭಾಗದಷ್ಟು, ಉಕ್ಕು ಸುಮಾರು 12 ಭಾಗದಷ್ಟು ಹಿಗ್ಗುತ್ತದೆ. 14 ಮಿ.ಮೀ. ವ್ಯಾಸದ ಪಿರಿ 25 ಡಿಗ್ರಿಯಿಂದ 85 ಡಿಗ್ರಿಗೆ ಏರಿದಾಗ ಎರಡರ ನಡುವೆ ಉಂಟಾಗುವ ವ್ಯತ್ಯಾಸ ಸುಮಾರು 0.009 ಮಿ.ಮೀ. ಲಾಭ ಇಷ್ಟು ಸಣ್ಣದು. ಆದರೆ ಬಿಸಿಯಾದ ಅಲ್ಯೂಮಿನಿಯಂ ಮೆತ್ತಗಾಗಿ ಪಿರಿ ಕಿತ್ತುಬರುವ ಅಪಾಯವಿದೆ, ಕೈ ಸುಡುವುದಂತೂ ಇದ್ದೇ ಇದೆ. ಹೀಗಾಗಿ ತಣ್ಣಗಿರುವಾಗಲೇ ಮೊದಲ ಯತ್ನ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಅದು ಫಲಿಸದಿದ್ದರೆ ಎಂಜಿನ್ನನ್ನು ಎರಡು ಮೂರು ನಿಮಿಷ ಮಾತ್ರ ಓಡಿಸಿ, ಕೈಯಿಂದ ಮುಟ್ಟಬಹುದಾದಷ್ಟು ಬೆಚ್ಚಗಾದಾಗ ನಿಲ್ಲಿಸಿ ಎಣ್ಣೆ ಬಿಟ್ಟರೆ, ಅದು ತಣಿಯುವಾಗ ಸಂದಿಗಳೊಳಗೆ ಇಳಿಯಲು ಅನುಕೂಲವಾಗುತ್ತದೆ. ಬಿಸಿ ಹೆಡ್ಡಿನ ಮೇಲೆ ಪೆಟ್ರೋಲ್ ಅಥವಾ ಥಿನ್ನರ್ ಸುರಿಯುವ ರೂಢಿಯನ್ನು ಯಾರೂ ಅನುಸರಿಸಬಾರದು.

ಪ್ಲಗ್ಗಿನ ತಲೆ ಮುರಿದು ಪಿರಿಯ ಭಾಗ ಹೆಡ್ಡಿನಲ್ಲೇ ಉಳಿದರೆ, ಆ ಸಿಲಿಂಡರಿನ ಪಿಸ್ಟನ್ನನ್ನು ಕಂಪ್ರೆಷನ್ನಿನ (ಗಾಳಿಯನ್ನು ಒತ್ತುವ ಹಂತದ) ಮೇಲ್ತುದಿಗೆ ತಂದು ಎರಡೂ ವಾಲ್ವುಗಳು ಮುಚ್ಚಿರುವಂತೆ ನೋಡಿಕೊಳ್ಳಬೇಕು. ಆಗ ಒಳಗೆ ಬಿದ್ದ ಪಿಂಗಾಣಿ ಚೂರುಗಳು ಪಿಸ್ಟನ್ನಿನ ಮೇಲೆಯೇ ಉಳಿಯುತ್ತವೆ, ಸಣ್ಣ ಕೊಳವೆ ಜೋಡಿಸಿದ ವ್ಯಾಕ್ಯೂಮ್‌ನಿಂದ ಎಳೆದು ತೆಗೆಯಬಹುದು. ಪಿಂಗಾಣಿ ಉಕ್ಕಿಗಿಂತಲೂ ಗಡುಸಾದ್ದರಿಂದ ಒಂದು ಚೂರು ಉಳಿದರೂ ಸಿಲಿಂಡರಿನ ಗೋಡೆಯನ್ನು ಗೀಚುತ್ತದೆ. ಕಲಿಯುವ ಹಂತದಲ್ಲಿರುವ ನಾವು ಇದನ್ನು ಒಬ್ಬರೇ ಮಾಡಲು ಹೋಗದೆ, ಹೆಡ್ ಇಳಿಸಿ ಲೇತ್ ಅಂಗಡಿಗೆ ಒಯ್ಯುವುದೇ ಸರಿ. ಪಿರಿ ಪೂರ್ತಿ ಹೋಗಿದ್ದರೆ ಅಲ್ಲಿಯೇ ರಂಧ್ರವನ್ನು ದೊಡ್ಡದು ಮಾಡಿ ಉಕ್ಕಿನ ಸುರುಳಿಯನ್ನು ಕೂರಿಸಿಕೊಡುತ್ತಾರೆ.

ನಮ್ಮ ನಡುವಿನ ಪ್ಲಗ್ ಇಡಿಯಾಗಿ ಬಂತು. ಮೇಲಿನ ಪಿರಿಗಳಲ್ಲಿ ಬಿಳಿಯ ಪುಡಿ, ತುದಿಯ ಎರಡು ಪಿರಿಗಳಲ್ಲಿ ಕಪ್ಪು ಕಿಟ್ಟ, ಎರಡೂ ಇದ್ದವು. ಹೊಸದನ್ನು ಹಾಕುವ ಮೊದಲು 14×1.25ರ ಟ್ಯಾಪಿನ (ಪಿರಿ ಕೊರೆಯುವ ಉಪಕರಣದ) ಸೀಳುಗಳಿಗೆ ಗ್ರೀಸ್ ತುಂಬಿ, ಪಿರಿಯನ್ನು ಕೊರೆಯದೆ ಬರೀ ಶುಚಿ ಮಾಡುವಂತೆ ಕೈಯಲ್ಲೇ ಇಳಿಸಿದೆವು. ಕಸವೆಲ್ಲ ಗ್ರೀಸಿಗೆ ಅಂಟಿ ಹೊರಬಂತು. ಹೊಸ ಪ್ಲಗ್ಗಿನ ತಲೆಗೆ ರಬ್ಬರ್ ಕೊಳವೆಯ ತುಂಡೊಂದನ್ನು ಸಿಕ್ಕಿಸಿ ಬೆರಳಿನಿಂದ ತಿರುಗಿಸಬೇಕು: ಪಿರಿ ಓರೆಯಾಗಿ ಹತ್ತಿದರೆ ಕೊಳವೆಯೇ ಜಾರುತ್ತದೆ, ಹೆಡ್ ಉಳಿಯುತ್ತದೆ. ವಾಷರ್ ಹೆಡ್ಡಿಗೆ ತಾಗಿದ ಮೇಲೆ ಅರ್ಧದಿಂದ ಮೂರನೆಯ ಎರಡು ಭಾಗದಷ್ಟು ಸುತ್ತು ಸಾಕು. ಬಿಗಿಯುವ ಬಲವನ್ನು ಅಳೆದು ತೋರಿಸುವ ಟಾರ್ಕ್ ಪಾನಾ ಇದ್ದರೆ, 14 ಮಿ.ಮೀ. ಪ್ಲಗ್‌ಗೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ 25ರಿಂದ 30 ನ್ಯೂಟನ್ ಮೀಟರ್. ಪಿರಿಗೆ ಗ್ರೀಸ್ ಅಥವಾ ಆಂಟಿ-ಸೀಜ್ (ಪಿರಿ ಹಿಡಿದುಕೊಳ್ಳದಂತೆ ಹಚ್ಚುವ ಲೇಪ) ಹಚ್ಚಿದರೆ ಘರ್ಷಣೆ ತಗ್ಗಿ ಅದೇ ಟಾರ್ಕ್‌ಗೆ ಪ್ಲಗ್ ಹೆಚ್ಚು ಬಿಗಿಯುತ್ತದೆ. ಆದ್ದರಿಂದ ತಯಾರಕರ ಲೇಪವಿರುವ ಹೊಸ ಪ್ಲಗ್ಗನ್ನು ನಾವು ಒಣಗಿರುವಂತೆಯೇ ಹಾಕಿದೆವು.