ಶೆಟ್ಟಿಹಳ್ಳಿ ಚರ್ಚಿಗೆ ಕಷ್ಟ ನೀರು ಇಳಿಯುವಾಗ

ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗಲು ಹಾಸನದವರಿಗೆ ಇರುವ ಜಾಗಗಳಲ್ಲಿ ಶೆಟ್ಟಿಹಳ್ಳಿಯ ಹೇಮಾವತಿ ಹಿನ್ನೀರಿನ ದಂಡೆಯೂ ಒಂದು. ಬೇಸಿಗೆಯಲ್ಲಿ ಹುಲ್ಲು, ಮೇಯುವ ದನ, ನಡುವೆ ಚಾವಣಿಯಿಲ್ಲದ ರೋಸರಿ ಚರ್ಚ್. ಒಳ್ಳೆ ಮಳೆಯಾದ ವರ್ಷ ಅದೇ ಜಾಗ ಹೊಳೆಯ ಪಾಲು. ನೀರಿನ ಮೇಲೆ ಗೋಡೆಯ ತಲೆಗಳು ಮಾತ್ರ ಕಾಣುತ್ತವೆ.

ಹಳೆ ಕಟ್ಟಡಗಳ ದುರಸ್ತಿ ನನ್ನ ಕೆಲಸ. ಹಾಗಾಗಿ ಮದುವೆ ಮನೆಯಲ್ಲಿ ಸಿಕ್ಕವರೂ ಕೇಳುತ್ತಾರೆ: "ಸಾರ್, ಬೆಲ್ಲ, ಮೊಟ್ಟೆ ಹಾಕಿ ಕಟ್ಟಿದ್ದಕ್ಕೇ ಅದಿನ್ನೂ ಬಿದ್ದಿಲ್ಲ ಅಂತಾರಲ್ಲ, ನಿಜಾನಾ?"

ಫ್ರೆಂಚ್ ಮಿಷನರಿಗಳು ಇದನ್ನು ಕಟ್ಟಿಸಿದ್ದು 1860ರ ದಶಕದಲ್ಲಿ. ಆಗ ಮೈಸೂರು ಸೀಮೆ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ನೂರು ವರ್ಷಕ್ಕೂ ಜಾಸ್ತಿ ಕಾಲ ಇದು ಮಾಮೂಲಿ ಊರಿನ ಮಾಮೂಲಿ ಚರ್ಚ್. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿಯಿತು, ಊರವರು ಮನೆ ಬಿಟ್ಟು ಎದ್ದರು. ಈ ಜಲಾಶಯದ ನೀರು ಕಾಲುವೆಯಲ್ಲಿ ಹರಿದು ತುಮಕೂರಿನ ಬುಗುಡನಹಳ್ಳಿ ಕೆರೆ ಸೇರುತ್ತದೆ. ಅಲ್ಲಿ ನಲ್ಲಿ ತಿರುಗಿಸುವವರಿಗೆ ಈ ಪಾಳು ಗೋಡೆಯ ನೆನಪು ಯಾಕೆ ಬರಬೇಕು ಬಿಡಿ.

ಈಗ ಬೆಲ್ಲದ ವಿಷಯ. ಹಿಂದಿನ ಗಾರೆಯವರು ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸುತ್ತಿದ್ದದ್ದು ಹೌದು. ಅದರಿಂದ ಗಾರೆ ಹದವಾಗಿ ಬರುತ್ತದೆ, ಬೇಗ ಬಿರುಕು ಬಿಡುವುದಿಲ್ಲ. ಆದರೆ ಗೋಡೆ ಹಿಡಿದು ನಿಲ್ಲಿಸುವುದು ಸುಣ್ಣ. ಸುಟ್ಟು, ನೀರು ಹಾಕಿ ಅರಳಿಸಿ, ಗುಂಡಿಯಲ್ಲಿ ಕೊಳೆಸಿ, ಗಾಣದಲ್ಲಿ ಮರಳಿನ ಜೊತೆ ಅರೆದ ಸುಣ್ಣ. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಸಣ್ಣ ಬಿರುಕಾದರೆ ನೀರಿನಲ್ಲಿ ಕರಗಿದ ಸುಣ್ಣ ಅಲ್ಲೇ ಕೂತು ಅದನ್ನು ಮುಚ್ಚುವುದೂ ಉಂಟು. ಒದ್ದೆಯಾದ ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟಿಗೆ ಆ ಗುಣ ಕಡಿಮೆ. ಇದನ್ನು ನಾನು ಕಲಿತದ್ದು ಮುಖಭಂಗ ಮಾಡಿಕೊಂಡೇ. ಆಲೂರು ಕಡೆಯ ಒಂದು ತೊಟ್ಟಿ ಮನೆಯ ಸಂದುಗಳಿಗೆ ಸಿಮೆಂಟ್ ತುಂಬಿಸಿದ್ದೆ. ಮೂರನೇ ಮಳೆಗಾಲಕ್ಕೆ ಸಿಮೆಂಟ್ ಗಟ್ಟಿಯಾಗಿಯೇ ಇತ್ತು, ಪಕ್ಕದ ಇಟ್ಟಿಗೆ ಪುಡಿಯಾಗಿತ್ತು!

ಇನ್ನೊಂದು ಮಾತು. ಚರ್ಚಿಗೆ ಬಾಗಿಲಿಲ್ಲ, ಕಿಟಕಿಯಿಲ್ಲ. ನೀರು ಒಳಗೂ ಹೊರಗೂ ಒಂದೇ ಸಮ ಏರುತ್ತದೆ. ಎರಡೂ ಕಡೆಯ ಒತ್ತಡ ಸಮ ಇದ್ದರೆ ಗೋಡೆಯನ್ನು ತಳ್ಳುವವರು ಯಾರು? ಬಾಗಿಲು ಮುಚ್ಚಿ ಕಾಪಾಡಲು ಹೋಗಿದ್ದರೆ ಎಂದೋ ಮಗುಚುತ್ತಿತ್ತು.

ತೊಂದರೆ ಶುರುವಾಗುವುದು ನೀರು ಇಳಿಯುವಾಗ. ಕಾಲುವೆಗೆ ನೀರು ಬಿಟ್ಟಂತೆ ಮಟ್ಟ ತಗ್ಗುತ್ತದೆ. ಪಾಯದ ಸುತ್ತಲಿನ ಮಣ್ಣಿನಲ್ಲಿ ನಿಂತ ನೀರು ಹಿಂದೆಯೇ ಜಾರುತ್ತದೆ, ಜಾರುವಾಗ ನುಣ್ಣನೆಯ ಮಣ್ಣನ್ನೂ ಎಳೆದುಕೊಳ್ಳುತ್ತದೆ. ಪಾಯ ಒಂದು ಕಡೆ ಕೂದಲೆಳೆಯಷ್ಟು ಕುಸಿದರೂ ಮೇಲಿನ ಕಮಾನಿಗೆ ಗೊತ್ತಾಗುತ್ತದೆ. ಜೊತೆಗೆ ಗಾಳಿಗೆ ಎದ್ದ ಅಲೆ ನೀರಿನ ಅಂಚಿನಲ್ಲೇ ಗೋಡೆಯನ್ನು ಬಡಿಯುತ್ತದೆ. ಪೂರ್ತಿ ಮುಳುಗಿದ ಇಟ್ಟಿಗೆ ಪರವಾಗಿಲ್ಲ. ಒಮ್ಮೆ ನೆನೆದು ಒಮ್ಮೆ ಒಣಗುವ ಇಟ್ಟಿಗೆಗೆ ಆಯಸ್ಸು ಕಡಿಮೆ. ಮೇಲೆ ಚಾವಣಿಯೂ ಇಲ್ಲದೆ ಗೋಡೆಯ ನೆತ್ತಿಯಿಂದ ಮಳೆನೀರು ಇಳಿಯುತ್ತದೆ. ಇಷ್ಟು ಸಾಲದು ಅಂತ ಫೋಟೋಕ್ಕೆ ಕಮಾನು ಹತ್ತುವವರು ಬೇರೆ.

ಬೇಸಿಗೆ ಶುರುವಾದ ಮೇಲೆ ಹೋದರೆ ಗೋಡೆಯ ಮೇಲೆ ನೀರು ನಿಂತ ಗುರುತು ಕಾಣುತ್ತದೆ. ಅದರ ಮಟ್ಟದಲ್ಲಿ ಇಟ್ಟಿಗೆಗಳ ನಡುವಿನ ಗಾರೆಗೆ ಸುಮ್ನೆ ಕೈ ಆಡಿಸಿ ನೋಡಿ, ಒತ್ತಬೇಡಿ. ರಂಗೋಲಿ ಪುಡಿಯ ಹಾಗೆ ಬೆರಳಿಗೆ ಅಂಟಿಕೊಳ್ಳುತ್ತದೆ.